ಹಿಂಡಿ ಚೀಲಕ್ಕೂ ನಾಯಿ ಊಟಕ್ಕೂ ಒಂದು ಕಪಾಟು ಬೇಕು



ಇವತ್ತಿನ ಬರಹ ಬೆಳಿ ಬಗ್ಗೆ ಅಲ್ಲ, ರೇಟಿನ ಬಗ್ಗೆನೂ ಅಲ್ಲ. ಹೊಲದ ಮನಿಯಾಗ ನಾವು ಸಾಕಿದ ಎಮ್ಮಿ, ಆಕಳು, ಎತ್ತು, ಕಾವಲಿಗಿರೋ ನಾಯಿ, ಇಲಿ ಹಿಡಿಯೋ ಬೆಕ್ಕು, ಇವುಗಳ ತಿನಿಸು ಮತ್ತು ಔಷಧಿ ಎಲ್ಲಿ ಇಡ್ತೀವಿ ಅನ್ನೋದರ ಬಗ್ಗೆ. ನನ್ನ ಅಭಿಪ್ರಾಯ ನೇರ ಹೇಳತೀನಿ. ಪ್ರತಿ ಹೊಲದ ಮನಿಯಾಗ ಇದಕ್ಕಂತನೇ ಒಂದು ಭದ್ರ ಕಪಾಟು ಇರಬೇಕು. ಪ್ಯಾಟಿಯಿಂದ ತರೋದು ಬ್ಯಾಡ, ನಾವೇ ಮಾಡಿಕೊಳ್ಳಬಹುದು. ಆದ್ರ ಮಳಿ ಹಿಡಿಯೋಕಿಂತ ಮೊದಲು ಆಗಬೇಕು.

ಯಾವುದೇ ದನದ ಮನಿಗೆ ಹೋಗಿ ನೋಡ್ರಿ. ಮೂಲಿಯಾಗ ನೆಲದ ಮ್ಯಾಲ ಹಿಂಡಿ ಚೀಲ, ಬಾಯಿ ಬಿಚ್ಚಿದ್ದು. ಅದಕ್ಕ ಆನಿಸಿ ಅರ್ಧ ಉಳಿದ ಯೂರಿಯಾ ಚೀಲ. ಗೂಟಕ್ಕ ಎಣ್ಣಿ ಹೊಡಿಯೋ ಪಂಪು. ಕಿಡಕ್ಯಾಗ ಜಂತಿನ ಔಷಧಿ ಬಾಟ್ಲಿ, ಅದರ ಮಗ್ಗಲಕ್ಕ ಹತ್ತಿಗೆ ಹೊಡೆದು ಉಳಿದ ಕ್ರಿಮಿನಾಶಕದ ಬಾಟ್ಲಿ. ನಾಯಿಗೆ ತಂದ ಪಾಕೀಟಿನ ತಿನಿಸು ಪ್ಲಾಸ್ಟಿಕ್ ಡಬ್ಬ್ಯಾಗ, ಆ ಡಬ್ಬಿ ಮೂಲಿ ಇಲಿ ಕಡಿದದ್ದು. ಕಾರಹುಣ್ಣಿವಿಗೆ ಎತ್ತಿಗೆ ಹಾಕೋ ಝೂಲು, ಗೆಜ್ಜಿಸರ ಮ್ಯಾಲಿನ ತೊಲಿಗೆ ಗಂಟು ಕಟ್ಟಿ ತೂಗ ಹಾಕಿದ್ದು, ಅದರಾಗೂ ಇಲಿ ಗೂಡು. ಇದು ಒಬ್ಬಿಬ್ಬರ ಮನಿ ಕಥಿ ಅಲ್ಲ, ನಮ್ಮ ಭಾಗದ ರೂಢಿನೇ ಹಂಗ ಆಗೇತಿ.

ನಮ್ಮ ಹಿರಿಯರಿಗೆ ಕಾಳು ಕಾಯೋದು ಚಲೋ ಗೊತ್ತಿತ್ತು. ಜ್ವಾಳಕ್ಕ ಹಗೇವು ತೋಡತಿದ್ರು. ಗಟ್ಟಿ ನೆಲ ನೋಡಿ ತೋಡಿ, ಒಳಗ ಸುತ್ತಲೂ ಒಣ ಹುಲ್ಲು ಕೊಟ್ಟು, ಚಲೋ ಒಣಗಿದ ಜ್ವಾಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಿದ್ರು. ತೆಗೆಯೋ ಮುಂದ ಗಡಬಡಿಸಿ ಒಳಗ ಇಳಿತಿರಲಿಲ್ಲ. ಬಾಯಿ ತೆಗೆದು ಬಿಟ್ಟು, ದೀಪ ಇಳಿಸಿ ಅದು ಆರೋದಿಲ್ಲ ಅಂತ ಖಾತ್ರಿ ಮಾಡಿಕೊಂಡು ಇಳಿತಿದ್ರು. ಮನುಷ್ಯಾಗ ಉಸಿರಾಡಾಕ ಆಗದ ಆ ಗಾಳ್ಯಾಗ ಹುಳನೂ ಬದುಕತಿರಲಿಲ್ಲ. ಹಗೇವಿನ ಹಿಂದಿನ ನಿಯಮ ಮೂರ: ಒಣಗಿದ್ದನ್ನ ಇಡು, ಹಸಿ ಒಳಗ ಬಿಡಬ್ಯಾಡ, ಇಲಿಗೆ ದಾರಿ ಕೊಡಬ್ಯಾಡ. ತಾವು ಉಣ್ಣೋ ಜ್ವಾಳಕ್ಕ ಅಷ್ಟು ಜ್ವಾಕಿ ಮಾಡಿದವರ ಮಕ್ಕಳು ನಾವು, ರೊಕ್ಕ ಕೊಟ್ಟು ತಂದ ಹಿಂಡಿಯನ್ನ ಹಸಿ ನೆಲದ ಮ್ಯಾಲ ಒಗಿತೀವಿ.

"ದನ ತಿನ್ನೋದು, ನಾಯಿ ತಿನ್ನೋದು, ಸ್ವಲ್ಪ ಬೂಷ್ಟು ಹಿಡಿದ್ರ ಏನಾತು?" ಅನ್ನೋ ಮಾತು ಐತಲ್ಲ, ನನ್ನ ತಕರಾರು ಇರೋದೇ ಅಲ್ಲಿ.

1960ರಾಗ ಇಂಗ್ಲೆಂಡಿನಾಗ ಒಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತವು. ಮೊದಲು ಏನು ರೋಗ ಅಂತ ತಿಳಿಲಿಲ್ಲ. ಹುಡುಕಿದಾಗ ಅವಕ್ಕ ಹಾಕಿದ್ದ ಶೇಂಗಾ ಹಿಂಡಿಯಾಗ ಬೆಳೆದ ಬೂಷ್ಟಿನ ವಿಷ ಅಂತ ಗೊತ್ತಾತು. ಅದಕ್ಕ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ರು. 1974ರಾಗ ನಮ್ಮ ದೇಶದಾಗನೇ, ಗುಜರಾತ ಮತ್ತು ರಾಜಸ್ಥಾನದ ಗಡಿ ಹಳ್ಳಿಗಳೊಳಗ, ಮಳಿಗೆ ತೊಯ್ದು ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡ್ರು. ಕಾಮಣಿ ಆಗೋದು, ಹೊಟ್ಟಿಯಾಗ ನೀರು ತುಂಬೋದು, ಆಮ್ಯಾಲ ಸಾವು. ಅದೇ ಮನಿಗಳ ನಾಯಿಗಳೂ ಅದನ್ನ ತಿಂದು ಹಂಗ ಸತ್ತವು. ನಾವೂ ಗೋವಿನಜೋಳ ಬೆಳೆಯೋರು. ರಾಶಿ ಹೊತ್ತಿಗೆ ಮಳಿ ಸಿಗೋದು ನಮಗೇನು ಹೊಸದಲ್ಲ. ಮಾರಾಕ ಬರಲಾರದ ಕಪ್ಪು ಕಾಳು ಎಲ್ಲಿಗೆ ಹೋಗತೈತಿ? ನೆರೆ ಎಮ್ಮಿ ಬುಟ್ಟಿಗೆ, ನಾಯಿ ನುಚ್ಚಿಗೆ.

ಈ ವಿಷಕ್ಕ ನಾಯಿ ಬಾಳ ಸೂಕ್ಷ್ಮ. ದೊಡ್ಡ ದನ ತಡಕೊಳ್ಳತಾವ, ಆದ್ರ ತಡಕೊಂಡದ್ದು ಹಾಲಿನಾಗ ಬರತೈತಿ. ಹಿಂಡಿಯೊಳಗಿನ ವಿಷ ಎಮ್ಮಿ ಹೊಟ್ಟಿಯಾಗ ರೂಪ ಬದಲಿಸಿ ಒಂದು ದಿನದೊಳಗ ಹಾಲಿಗೆ ಇಳಿತೈತಿ. ಹಾಲು ಕಾಸಿದ್ರೂ ಹೋಗೋದಿಲ್ಲ. ಅದಕ್ಕ ದನದ ಆಹಾರಕ್ಕ ಭಾರತೀಯ ಮಾನಕದಾಗ ಮಿತಿ ಹಾಕ್ಯಾರ: ಒಂದು ಕೆಜಿಗೆ 20 ಮೈಕ್ರೋಗ್ರಾಂ ದಾಟಬಾರದು, ಆಹಾರದ ತೇವ ನೂರಕ್ಕ 11 ದಾಟಬಾರದು. ಹಾಲಿಗೆ ಎಫ್‌ಎಸ್‌ಎಸ್‌ಎಐ ಮಿತಿ ಇನ್ನೂ ಬಿಗಿ, ಕೆಜಿಗೆ ಅರ್ಧ ಮೈಕ್ರೋಗ್ರಾಂ. ಆ ಹಾಲು ಮೊದಲು ಕುಡಿಯೋದು ನಮ್ಮ ಮನಿ ಕೂಸು. ಕಂಪನಿಯವರು 11 ತೇವಕ್ಕ ಒಣಗಿಸಿ ಕೊಟ್ಟ ಹಿಂಡಿಯನ್ನ ನಾವು ಜೂನಿನಿಂದ ಸಪ್ಟೆಂಬರ್ ತನಕ ಹಸಿ ನೆಲದ ಮ್ಯಾಲ ಇಟ್ರ, ಆ ಮಾನಕಕ್ಕ ಏನು ಅರ್ಥ ಉಳೀತು?

ಇನ್ನು ಇಲಿ ಲೆಕ್ಕ. ಒಂದು ದೊಡ್ಡ ಇಲಿ ದಿನಕ್ಕ ಸುಮಾರು 25 ಗ್ರಾಂ ತಿನ್ನತೈತಿ. ದನದ ಮನ್ಯಾಗ ಹತ್ತು ಇಲಿ ಇದ್ರ ವರ್ಷಕ್ಕ 90 ಕೆಜಿ ಮ್ಯಾಲ ಆತು, ಅಂದ್ರ ಹೆಚ್ಚು ಕಡಿಮಿ ಎರಡು ಚೀಲ ಹಿಂಡಿ. ತಿಂದದ್ದಕ್ಕಿಂತ ಉಚ್ಚಿ, ಹಿಕ್ಕಿ ಮಾಡಿ ಕೆಡಿಸಿದ್ದು ಹೆಚ್ಚು. ಇಲಿಜ್ವರ ಆ ಉಚ್ಚಿಯಿಂದನೇ ದನಕ್ಕ, ನಾಯಿಗೆ, ಹಿಂಡಿ ಕಲಸೋ ನಮ್ಮ ಹೆಣ್ಣುಮಕ್ಕಳ ಕೈಗೆ ಬರತೈತಿ.

ಎಲ್ಲಕ್ಕಿಂತ ಗಂಡಾಂತರ ಅಂದ್ರ ಕಲಬೆರಕಿ. ಯೂರಿಯಾ ನೋಡಾಕ ಉಪ್ಪಿನಂಗ ಇರತೈತಿ. ದನ ಕಟ್ಟು ಬಿಚ್ಚಿಕೊಂಡು ಬಂದು ಎರಡು ಬಾಯಿ ಹೆಚ್ಚಿಗಿ ನೆಕ್ಕಿದ್ರ ಹೊಟ್ಟಿಯಾಗ ಅಮೋನಿಯಾ ಆಗಿ, ಡಾಕ್ಟರು ಬರೋದರೊಳಗ ಮುಗೀತೈತಿ. ಇಲಿ ಪಾಷಾಣ ಹಚ್ಚಿದ ಭಜಿ ಚೂರು ನಾಯಿಗೂ ಅಷ್ಟ ರುಚಿ. ಇದಕ್ಕ ದೇವರನ್ನಾಗಲಿ ಹಣೆಬರಹವನ್ನಾಗಲಿ ಬೈದು ಉಪಯೋಗ ಇಲ್ಲ. ಅದು ಜಾಗಾ ಇಲ್ಲದ್ದರಿಂದ ಆಗೋ ಸಾವು.

ಕಪಾಟು ಹೆಂಗಿರಬೇಕು ಅಂತ ಹೇಳತೀನಿ. ಅಳತಿ ನಿಮ್ಮ ಅನುಕೂಲಕ್ಕ ತಕ್ಕಂಗ ಬದಲಿಸಿಕೊಳ್ರಿ. ಎರಡು ಎಮ್ಮಿ, ಒಂದು ಜೋಡಿ ಎತ್ತು, ಒಂದೆರಡು ನಾಯಿ ಇರೋ ಮನಿಗೆ 4 ಅಡಿ ಅಗಲ, 2 ಅಡಿ ಆಳ, ಕಾಲು ಸೇರಿ 6 ಅಡಿ ಎತ್ತರ ಸಾಕು. ಕಾಲು ಒಂದು ಅಡಿ ಇರಲಿ, ಅಡಿಗೆ ಕಸಬರಿಗಿ ಆಡಬೇಕು, ನೆಲದ ಹಸಿ ಮ್ಯಾಲ ಏರಬಾರದು. ಚೌಕಟ್ಟಿಗೆ ಕಬ್ಬಿಣದ ಆಂಗಲ್ ಇಲ್ಲಾ ಬಲಿತ ಬೇವಿನ ಕಟಗಿ. ಮನಿಯಾಗ ಹಳೆ ಬಾಗಿಲ, ಕಿಡಕಿ ಬಿದ್ದಿದ್ರ ಅವನ್ನ ಬಳಸ್ರಿ. ಹೊರಮೈಗೆ ಮಾತ್ರ ತಗಡು ಬೇಕು. ಕಟಗಿ, ಪ್ಲಾಸ್ಟಿಕ್ ಎರಡನ್ನೂ ಇಲಿ ಕೊರಿತೈತಿ, ತಗಡು ಕೊರಿಯೋದಿಲ್ಲ.

ಬಾಗಿಲ ಕಡೆ ಬಾಳ ಲಕ್ಷ್ಯ ಕೊಡಬೇಕ್ರಿ. ಪೆನ್ಸಿಲ್ ಹೋಗುವಷ್ಟು ಸಂದಿ ಸಾಕು, ಸಣ್ಣ ಇಲಿ ಒಳಗ ನುಗ್ಗತೈತಿ. ದೊಡ್ಡ ಇಲಿ ಎರಡಡಿ ಎತ್ತರ ಸಲೀಸಾಗಿ ಹಾರತೈತಿ, ಹಂಗಾಗಿ ಕಾಲು ಎತ್ತರ ಐತಿ ಅಂತ ನಂಬಿ ಕೂಡಬ್ಯಾಡ್ರಿ. ಬಾಗಿಲ ಮುಚ್ಚಿದಾಗ ಚೌಕಟ್ಟಿನ ಮ್ಯಾಲ ಒಂದು ಇಂಚು ತಗಡಿನ ಪಟ್ಟಿ ಬರೋ ಹಂಗ ವೆಲ್ಡಿಂಗ್ ಅಂಗಡಿಯವರಿಗೆ ಹೇಳ್ರಿ. ಬಿಜಾಗ್ರಿ ಮೂರು ಹಾಕಿಸ್ರಿ, ಎರಡರ ಮ್ಯಾಲ ಬಾಗಿಲ ಜೋತು ಬಿದ್ದು ಸಂದಿ ಆಗತೈತಿ. ನೆತ್ತಿ ಸ್ವಲ್ಪ ಇಳಿಜಾರು ಇರಲಿ. ಸೋರಿದ ನೀರು ಹರಿದು ಹೋಗತೈತಿ, ಮ್ಯಾಲ ಸಾಮಾನು ಒಟ್ಟೋ ಚಟಾನೂ ಬರೋದಿಲ್ಲ. ಇರಿವಿ ಕಾಟ ಇದ್ರ ಕಾಲಿನ ಅಡಿಗೆ ನೀರಿನ ಬಟ್ಟಲ ಇಡ್ರಿ.

ಒಳಗ ಮೂರು ಖಾನೆ. ಕೆಳಗಿನದು 3 ಅಡಿ, ನಡುವ ಅಡ್ಡ ತಗಡು. ಒಂದು ಕಡೆ ಹಿಂಡಿ ಚೀಲ, ಇನ್ನೊಂದು ಕಡೆ ಹತ್ತಿಕಾಳು ಇಲ್ಲಾ ಬೂಸಾ, ನೆಟ್ಟಗ ನಿಲ್ಲತಾವ. ಅಡಿಗೆ ಹಲಗಿ ಹಾಕ್ರಿ, ತಗಡಿನ ಮ್ಯಾಲ ನೇರ ಇಡಬ್ಯಾಡ್ರಿ. ನಡುವಿನ ಖಾನೆ ನಾಯಿ, ಬೆಕ್ಕಿನ ತಿನಿಸಿಗೆ. ಪಾಕೀಟಿನ ತಿನಿಸು ತರೋರು ಅದನ್ನ ಡಬ್ಬಿಗೆ ಸುರಿಯೋ ಬದಲು ಪಾಕೀಟು ಸಮೇತ ಸ್ಟೀಲ್ ಡಬ್ಬ್ಯಾಗ ಇಡ್ರಿ. ಹಳೆ ಜಿಡ್ಡು ಹತ್ತಿದ ಡಬ್ಬಿ ಹೊಸ ತಿನಿಸಿಗೂ ಕಮಟು ವಾಸನಿ ಹಿಡಿಸತೈತಿ. ಪಾಕೀಟು ಇದ್ರ ತಾರೀಖು, ಬ್ಯಾಚ್ ನಂಬರೂ ಕಣ್ಣ ಮುಂದ ಇರತಾವ.

ಮ್ಯಾಲಿನ ಖಾನೆಗೆ ಕೀಲಿ ಬೇಕು. ಜಂತಿನ ಔಷಧಿ, ಉಣ್ಣಿ ಔಷಧಿ, ಹತ್ತಿ, ಕತ್ರಿ, ಜ್ವರ ನೋಡೋ ಕಡ್ಡಿ ಅಲ್ಲಿ. ಮೂಗುದಾಣ, ನಾಯಿ ಪಟ್ಟಿ, ಸರಪಳಿ, ಝೂಲು, ಗೆಜ್ಜಿ ಅದರ ಮಗ್ಗಲಕ್ಕ ಇನ್ನೊಂದು ಡಬ್ಬ್ಯಾಗ. ಹುಚ್ಚುನಾಯಿ ರೋಗದ ಲಸಿಕಿಯಂಥವು ಇಲ್ಲಿ ಬ್ಯಾಡ, ಅವಕ್ಕ 2ರಿಂದ 8 ಡಿಗ್ರಿ ತಂಪು ಬೇಕು. ಮನುಷ್ಯರ ಜ್ವರದ ಗುಳಿಗಿನೂ ಇಲ್ಲಿಡಬ್ಯಾಡ್ರಿ, ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೀತೈತಿ. ಬಾಗಿಲ ಒಳಗ ಒಂದು ವಹಿ ಕಟ್ಟಿ ಲಸಿಕಿ ತಾರೀಖು, ಜಂತಿನ ಔಷಧಿ ತಾರೀಖು ಬರೀರಿ. ಯೂರಿಯಾ, ಕ್ರಿಮಿನಾಶಕ, ಇಲಿ ಪಾಷಾಣ ಈ ಕಪಾಟಿನಾಗಷ್ಟ ಅಲ್ಲ, ಇದೇ ಖೋಲ್ಯಾಗೂ ಇರಬಾರದು.

ಕಪಾಟು ಗ್ವಾಡಿಯಿಂದ ಒಂದು ಗೇಣು ದೂರ, ನೆರಳಿನಾಗ ಇರಲಿ. ಬಿಸಿಲಿಗೆ ಇಟ್ರ ಹಗಲು ಕಾದು ರಾತ್ರಿ ತಣ್ಣಗಾದಾಗ ತಗಡು ಒಳಗ ಬೆವರತೈತಿ. ಹೊಳಿ ದಂಡಿ ಹೊಲದವರು ಜಾಗಾ ಇನ್ನೂ ಎತ್ತರದಾಗ ನೋಡಿಕೊಳ್ರಿ. 2019ರ ಆಗಸ್ಟಿನಾಗ ಮಲಪ್ರಭಾ ಎಲ್ಲಿ ತನಕ ಬಂದಿತ್ತು ಅಂತ ನಿಮಗ ಹೇಳಬೇಕಾಗಿಲ್ಲ. ನೆರೆ ನೀರಿಗೆ ತೊಯ್ದ ಹಿಂಡಿ ಒಣಗಿಸಿ ಹಾಕೋ ಆಸೆ ಮಾಡಬ್ಯಾಡ್ರಿ, ತಿಪ್ಪಿಗೆ ಹಾಕ್ರಿ.

ಒಂದು ಎಚ್ಚರಿಕಿ. ಕಪಾಟು ಹಸಿ ಕಾಳನ್ನ ಒಣಗಿಸೋದಿಲ್ಲ. ಹಸಿ ಇದ್ದದ್ದನ್ನ ಮುಚ್ಚಿಟ್ರ ಬೂಷ್ಟು ಇನ್ನೂ ಜಲ್ದಿ ಬರತೈತಿ. ಗೋವಿನಜೋಳ ಇಡೋ ಮೊದಲು ಉಪ್ಪಿನ ಪರೀಕ್ಷೆ ಮಾಡ್ರಿ. ಒಣಗಿದ ಗಾಜಿನ ಬಾಟ್ಲಿಯಾಗ ಕಾಲು ಭಾಗ ಕಾಳು, ಒಂದು ಚಮಚ ಹುರಿದು ಆರಿಸಿದ ಒಣ ಉಪ್ಪು ಹಾಕಿ ಎರಡು ನಿಮಿಷ ಅಲ್ಲಾಡಿಸಿ, ಕಾಲು ತಾಸು ಬಿಡ್ರಿ. ಉಪ್ಪು ಗಾಜಿಗೆ ಹತ್ತಿದ್ರ ತೇವ ನೂರಕ್ಕ 15ರ ಮ್ಯಾಲ ಐತಿ, ಮತ್ತ ಬಿಸಿಲಿಗೆ ಹಾಕ್ರಿ. ಇದಕ್ಕ ಯಾವ ಮಷೀನೂ ಬ್ಯಾಡ.

"ಬ್ಯಾರಲ್ ಸಾಕಲ್ಲೋ ತಮ್ಮಾ" ಅಂತ ಹಿರಿಯರು ಕೇಳಬಹುದು. ಮುಚ್ಚಳ ಬಿಗಿ ಇದ್ರ ಹಿಂಡಿಗೆ ಬ್ಯಾರಲ್ ನಡಿತೈತಿ, ಇಲ್ಲ ಅನ್ನೋದಿಲ್ಲ. ಆದ್ರ ಔಷಧಿ ಮತ್ತು ಉಳಿದ ಸಾಮಾನಿಗೆ ಮತ್ತ ಕಿಡಕಿನೇ ಗತಿ ಆಗತೈತಿ. ಗುಜರಿಯಾಗ ಸಿಗೋ ಬ್ಯಾರಲ್ ಮೊದಲು ಯಾವ ಎಣ್ಣಿದಿತ್ತು ಅಂತ ಯಾರಿಗೆ ಗೊತ್ತು? ಕ್ರಿಮಿನಾಶಕದ್ದಾಗಿದ್ರ ಎಷ್ಟು ತೊಳೆದ್ರೂ ತಿನಿಸಿಗೆ ಬರೋದಿಲ್ಲ.

"ನಾಯಿಗೆ ಇಷ್ಟು ಉಪಚಾರ ಯಾಕ?" ಅನ್ನೋರಿಗೂ ಒಂದು ಮಾತು. ನಮ್ಮ ಪಕ್ಕದ ಮುಧೋಳ ನಾಯಿ 2005ರಾಗ ಭಾರತ ಸರ್ಕಾರದ 5 ರೂಪಾಯಿ ಅಂಚೆಚೀಟಿ ಮ್ಯಾಲ ಬಂತು. ಮುಧೋಳ ತಾಲೂಕಿನ ತಿಮ್ಮಾಪುರದಾಗ ಅದಕ್ಕಂತನೇ ಸಂಶೋಧನಾ ಕೇಂದ್ರ ಐತಿ. ನಮ್ಮ ತಳಿ ಅಂತ ಎದಿ ಉಬ್ಬಿಸಿ ಹೇಳತೀವಿ. ಹಂಗಂದ ಮ್ಯಾಲ ಅದರ ಊಟ ಇಲಿ ಮುಟ್ಟದಂಗ ಇಡೋದು ದೊಡ್ಡ ಉಪಚಾರ ಏನಲ್ಲ. ಮುಧೋಳ ತಳಿನೇ ಇರಲಿ, ರಾತ್ರಿ ಹಂದಿ ಬಂದಾಗ ಬೊಗಳೋ ಬೀದಿನಾಯಿನೇ ಇರಲಿ, ಹೊಲ ಕಾಯೋ ಜೀವಕ್ಕ ಅಷ್ಟು ಸಲ್ಲಬೇಕು.

ಟ್ರ್ಯಾಕ್ಟರ್ ನಿಲ್ಲಸಾಕ ಶೆಡ್ ಕಟ್ಟತೀವಿ, ಮೋಟರ್ ಸ್ಟಾರ್ಟರಿಗೆ ಪೆಟಿಗಿ ಮಾಡಸತೀವಿ. ಕಬ್ಬಿಣಕ್ಕ ಮಾಡಿದ್ದನ್ನ ಜೀವ ಇರೋದಕ್ಕ ಮಾಡಾಕ ಹಿಂದ ಮುಂದ ನೋಡಬ್ಯಾಡ್ರಿ. ಈ ವಾರ ಸಾಧ್ಯ ಆಗಲಿಲ್ಲಂದ್ರ ಒಂದು ಕೆಲಸನಾದ್ರೂ ಮಾಡ್ರಿ: ಹಿಂಡಿ ಚೀಲದ ಮಗ್ಗಲಿನಿಂದ ಯೂರಿಯಾ, ಎಣ್ಣಿ ಬಾಟ್ಲಿ ಎತ್ತಿ ಬ್ಯಾರೆ ಕಡೆ ಇಟ್ಟು ಬರ್ರಿ. ಯಾರರ ಇದಕ್ಕಿಂತ ಚಲೋ ಕಪಾಟು ಮಾಡಿದ್ರ ಫೋಟೋ, ಅಳತಿ ಹಾಕ್ರಿ, ಎಲ್ಲರಿಗೂ ಉಪಯೋಗ ಆಗತೈತಿ.