ಚಿಗರಿ ಮೇಯ್ದ ಹೊಲದ ಲೆಕ್ಕ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಬಂದೂಕು, ದುಡ್ಡು, ಗುರಿ ಮೂರೂ ಇದ್ದರೆ ಸಾಲದು, ಲಾಟರಿಯಲ್ಲಿ ಹೆಸರು ಬರಬೇಕು. ಯಾವ ಕಾಡಿನಲ್ಲಿ ಈ ವರ್ಷ ಎಷ್ಟು ಪ್ರಾಣಿ ಹೊಡೆಯಬಹುದು ಎಂಬುದನ್ನು ಸರ್ಕಾರ ಮೊದಲೇ ಗೊತ್ತುಮಾಡಿ ಅಷ್ಟೇ ಟ್ಯಾಗ್ ಕೊಡುತ್ತದೆ. ಹೊಡೆದ ಪ್ರಾಣಿಯ ಮೈಗೆ ಆ ಟ್ಯಾಗ್ ಕಟ್ಟದಿದ್ದರೆ ಅಪರಾಧ. 2022ರಲ್ಲಿ ಆ ರಾಜ್ಯ ಕಾನೂನು ತಿದ್ದಿ, ಮೂಸ್ ಮತ್ತು ಕಾಡುಕುರಿಯ ಟ್ಯಾಗ್‌ಗಳಲ್ಲಿ ನೂರಕ್ಕೆ 90 ತನ್ನ ನಿವಾಸಿಗಳಿಗೆ, 10 ಮಾತ್ರ ಹೊರರಾಜ್ಯದವರಿಗೆ ಎಂದು ಗೆರೆ ಎಳೆಯಿತು. ಹೊರಗಿನವರು ಪ್ರತಿವರ್ಷ ಅರ್ಜಿ ಹಾಕಿ ಅಂಕ ಕೂಡಿಸುತ್ತ ಹೋಗಬೇಕು. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ಕಾದು ಕೂತವರಿದ್ದಾರೆ.

ಪಶ್ಚಿಮದ ಉಳಿದ ರಾಜ್ಯಗಳದ್ದೂ ಇದೇ ಜಾಡು, ಪಾಲಿನ ಪ್ರಮಾಣ ಮಾತ್ರ ಬೇರೆ. ಅರಿಜೋನಾ ಹೊರಗಿನವರಿಗೆ ಹತ್ತರ ಮಿತಿ ಹಾಕಿದೆ. ನ್ಯೂ ಮೆಕ್ಸಿಕೊ ನೂರರಲ್ಲಿ 84 ಪಾಲು ಸ್ಥಳೀಯರಿಗೆ, 10 ಪಾಲು ಬೇಟೆ ಮಾರ್ಗದರ್ಶಕರ ಜತೆ ಬರುವವರಿಗೆ, 6 ಪಾಲು ತಾವಾಗಿಯೇ ಬರುವ ಪರರಾಜ್ಯದವರಿಗೆ ಎಂದು ಹಂಚಿದೆ. ಶುಲ್ಕದ ಅಂತರವಂತೂ ಕಣ್ಣು ಕುಕ್ಕುತ್ತದೆ. 1976ರಲ್ಲಿ ಮೊಂಟಾನಾದ ನಿವಾಸಿ ಎಲ್ಕ್ ಎಂಬ ಜಿಂಕೆಯ ಬೇಟೆಗೆ 9 ಡಾಲರ್ ಕೊಟ್ಟರೆ ಸಾಕಿತ್ತು. ಹೊರಗಿನವನು 225 ಡಾಲರಿನ ಲೈಸೆನ್ಸನ್ನೇ ಕೊಳ್ಳಬೇಕಿತ್ತು. ಇದು ಅನ್ಯಾಯವೆಂದು ಮಿನೆಸೋಟದ ಬೇಟೆಗಾರರು ಕೋರ್ಟಿಗೆ ಹೋದರು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊಂಟಾನಾದ ಪರ ತೀರ್ಪು ಕೊಟ್ಟಿತು. ಬಾಲ್ಡ್‌ವಿನ್ ಪ್ರಕರಣವೆಂದು ಹೆಸರಾದ ಆ ತೀರ್ಪಿನ ತಿರುಳು ಇಷ್ಟು: ಮೋಜಿನ ಬೇಟೆ ದೇಶದ ಎಲ್ಲ ಪ್ರಜೆಗಳ ಮೂಲಭೂತ ಹಕ್ಕಲ್ಲ, ಪ್ರಾಣಿಗಳನ್ನು ಸಾಕಿ ಸಲಹುವ ಖರ್ಚು ಹೊರುವ ರಾಜ್ಯ ತನ್ನವರಿಗೆ ಮೊದಲ ಪಾಲು ಕೊಡಬಹುದು.

ಹೊರಗಿನವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಆ ಕಾಡುಗಳಲ್ಲಿ ಬಹುಪಾಲು ಕೇಂದ್ರ ಸರ್ಕಾರದ ನೆಲ. ಅದರ ತೆರಿಗೆ ಅವರೂ ಕಟ್ಟುತ್ತಾರೆ, ಅಲ್ಲಿ ನಡೆದಾಡಲು ಅವರಿಗೂ ಹಕ್ಕಿದೆ, ಆದರೆ ಅಲ್ಲಿ ಮೇಯುವ ಪ್ರಾಣಿ ಮಾತ್ರ ರಾಜ್ಯದ್ದು. ಈ ಜಗಳ ಮುಗಿದಿಲ್ಲ, ಬೇಗ ಮುಗಿಯುವುದೂ ಇಲ್ಲ.

ಆದರೆ ಹಾವೇರಿ ಜಿಲ್ಲೆಯ ರೈತ ಇಲ್ಲಿ ಗಮನಿಸಬೇಕಾದದ್ದು ಲಾಟರಿಯನ್ನಲ್ಲ, ನೆವಾಡಾ ರಾಜ್ಯದ ಕಾನೂನಿನ ಒಂದು ಪುಟ್ಟ ಕಲಮನ್ನು. ಜಿಂಕೆ ಅಥವಾ ಪ್ರಾಂಗ್‌ಹಾರ್ನ್ ಎಂಬ ಬಯಲು ಹುಲ್ಲೆ ಹೊಲಕ್ಕೆ ನುಗ್ಗಿ ಬೆಳೆ ಹಾಳು ಮಾಡುತ್ತಿದ್ದರೆ ಅಲ್ಲಿನ ರೈತ ಇಲಾಖೆಗೆ ಹೇಳಿ ಕಳಿಸುತ್ತಾನೆ. ಇಲಾಖೆಯವರು ಬಂದು ಹೊಲದಲ್ಲಿ ನಿಂತ ಪ್ರಾಣಿಗಳ ತಲೆ ಎಣಿಸುತ್ತಾರೆ. ಪ್ರತಿ 50 ತಲೆಗೆ ಒಂದು ಟ್ಯಾಗ್ ರೈತನ ಕೈಗೆ. ಅದನ್ನು ಅವನೇ ಬಳಸಬಹುದು, ಇಲ್ಲವೇ ಹೊರರಾಜ್ಯದ ಬೇಟೆಗಾರನಿಗೆ ಒಳ್ಳೆಯ ಬೆಲೆಗೆ ಮಾರಬಹುದು. ಬೆಳೆ ಎಷ್ಟು ಹೋಯಿತು, ಎಷ್ಟು ಗರಿ ಉಳಿಯಿತು ಎಂಬ ಚೌಕಾಶಿ ಅಲ್ಲಿಲ್ಲ. ಪ್ರಾಣಿಗೆ ಮೇವು ಕೊಟ್ಟವನಿಗೆ ಪ್ರಾಣಿಯಲ್ಲೇ ಪಾಲು.

ಸವಣೂರು, ಶಿಗ್ಗಾವಿ, ಹಿರೇಕೆರೂರು ಸೀಮೆಯಲ್ಲಿ ಈ ಮಾತಿಗೆ ಬೇರೆಯದೇ ತೂಕ. ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ (ಇಲ್ಲಿನವರ ಬಾಯಲ್ಲಿ ಚಿಗರಿ) ಅಭಯಾರಣ್ಯ 1974ರದು, 119 ಚದರ ಕಿಲೋಮೀಟರ್ ವಿಸ್ತಾರ. ಅದರಲ್ಲಿ ನೀಲಗಿರಿ ನೆಡುತೋಪಿನದೇ ದೊಡ್ಡ ಪಾಲು, ಮಧ್ಯದ ಕೇಂದ್ರ ಭಾಗ 15 ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ನೀಲಗಿರಿಯ ಬುಡದಲ್ಲಿ ಚಿಗರಿಗೆ ಮೇವೆಲ್ಲಿ? ಬಯಲು ಹುಲ್ಲಿನ ಪ್ರಾಣಿ ಅದು, ಹೊಲಕ್ಕೆ ಬರದೆ ಗತ್ಯಂತರವಿಲ್ಲ. ಹಾವೇರಿ, ಗದಗ, ಕೊಪ್ಪಳದ ಎರೆಹೊಲಗಳಲ್ಲಿ ಚಿಗರಿ ಹಿಂಡು ಕಾಣುವುದು ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದರದೇ ಹೆಸರಿಟ್ಟು ಈ ಸೀಮೆ ಹೆಮ್ಮೆಪಟ್ಟಿದೆ.

ಗೋವಿನಜೋಳ ಬಿತ್ತಿ ಹದಿನೈದು ದಿನಕ್ಕೆ ಸಾಲುಗಳಲ್ಲಿ ಎಳೆ ಗರಿ ಏಳುತ್ತದೆ. ಚಿಗರಿಗೆ ಆಗಲೇ ರುಚಿ. ಹಿಂಡು ಒಂದು ರಾತ್ರಿ ಇಳಿದರೆ ಬೆಳಗ್ಗೆ ಸಾಲುಗಟ್ಟಲೆ ಪೈರು ಕಚ್ಚಿ ಮೊಂಡಾಗಿರುತ್ತದೆ, ಒದ್ದೆ ಮಣ್ಣಿನಲ್ಲಿ ಸೀಳುಗೊರಸಿನ ಗುರುತು ಮೂಡಿರುತ್ತದೆ. ಆಮೇಲೆ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡಹಂದಿಯ ಸರದಿ. ಅದು ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಬದುವಿನುದ್ದಕ್ಕೂ ಹಳೇ ಸೀರೆ ಕಟ್ಟಿ, ಡಬ್ಬಿ ಬಡಿದು, ಪಟಾಕಿ ಸುಟ್ಟು ಹೊಲ ಕಾಯುವ ಮನೆಗಳಲ್ಲಿ ಹಂಗಾಮು ಮುಗಿಯುವ ತನಕ ಯಾರಾದರೊಬ್ಬರಿಗೆ ನಿದ್ದೆಯಿಲ್ಲ.

ಹಾಗಂತ ಚಿಗರಿ ಬೇಟೆಗೆ ಬಾಗಿಲು ತೆರೆಯಬೇಕೇ? ಖಂಡಿತ ಬೇಡ. ಲೈಸೆನ್ಸ್ ಬೇಟೆಯ ಕಾಲವನ್ನು ಈ ನೆಲವೂ ಕಂಡಿದೆ. ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ರಾಜ್ಯ 1951ರಲ್ಲಿ ವನ್ಯಪ್ರಾಣಿ, ಪಕ್ಷಿಗಳ ರಕ್ಷಣೆಗೆ ಕಾಯ್ದೆ ಮಾಡಿತು. ಅದೂ ಲೈಸೆನ್ಸ್ ಪಡೆದ ಶಿಕಾರಿಗೆ ಅವಕಾಶ ಇಟ್ಟುಕೊಂಡೇ ಇತ್ತು. ದೇಶದ ಉದ್ದಗಲಕ್ಕೂ ಕಾಡನ್ನು ಶಿಕಾರಿ ಬ್ಲಾಕುಗಳಾಗಿ ವಿಂಗಡಿಸಿ ಪರ್ಮಿಟ್ ಕೊಡುತ್ತಿದ್ದರು. ವಿದೇಶಿ ಶ್ರೀಮಂತರನ್ನು ಕರೆತರಲೆಂದೇ ಕಂಪನಿಗಳಿದ್ದವು. ಆ ಹಣದಲ್ಲಿ ಕಾಡಂಚಿನ ರೈತನಿಗೆಂದು ಯಾರೂ ಪಾಲು ತೆಗೆದಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಪಾಡಿತು. ಬೇರೆ ಪ್ರಾಣಿಗಳಿಗೆ ಉಳಿದಿದ್ದ ಲೈಸೆನ್ಸನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಈ ಕಾನೂನು ಇಲ್ಲದಿದ್ದರೆ ಎರೆಹೊಲದಲ್ಲಿ ಇಂದು ಓಡಲು ಚಿಗರಿಯೇ ಇರುತ್ತಿರಲಿಲ್ಲ.

ಬಂದೂಕಿನ ದಾರಿ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಬಿಹಾರದ ಮೊಕಾಮಾ ಸಾಕ್ಷಿ. 2016ರ ಜೂನ್‌ನಲ್ಲಿ ಅಲ್ಲಿ ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿ ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಕೊಲ್ಲಲಾಯಿತು. ಆಗ ಕೇಂದ್ರದ ಸಚಿವೆಯಾಗಿದ್ದ ಮೇನಕಾ ಗಾಂಧಿ ತಮ್ಮದೇ ಸರ್ಕಾರದ ಪರಿಸರ ಸಚಿವಾಲಯದ ವಿರುದ್ಧ ಬಹಿರಂಗವಾಗಿ ಹರಿಹಾಯ್ದರು. ಕೇರಳ 2022ರಲ್ಲಿ ಕಾಡಹಂದಿಯ ವಿಷಯದಲ್ಲಿ ಬೇರೆ ಹಾದಿ ಹಿಡಿದು, ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೆ ಕೊಟ್ಟಿತು. ಊರ ಮಟ್ಟದಲ್ಲೇ ತೀರ್ಮಾನವಾಗುತ್ತದೆಂಬುದು ಅದರ ಗುಣ, ಸತ್ತ ಹಂದಿಯನ್ನು ಹೂಳಿಸಿ ಲೆಕ್ಕ ಇಡಬೇಕೆಂಬುದು ಅದರ ಶಿಸ್ತು. ಹಂದಿಗೆ ಇದು ಒಪ್ಪಬಹುದಾದ ಮಾತು, ಚಿಗರಿಗಲ್ಲ.

ಚಿಗರಿ ಹೊಲಕ್ಕೆ ಬೇಕಾದದ್ದು ನೆವಾಡಾದ ಬಂದೂಕಲ್ಲ, ಅದರ ಎಣಿಕೆ. ಕರ್ನಾಟಕದಲ್ಲಿ ಬೆಳೆ ಪರಿಹಾರ ಕೇಳುವ ರೈತ ಅರ್ಜಿ, ಪಹಣಿ, ಫೋಟೊ ಹೊಂದಿಸಬೇಕು, ಆಮೇಲೆ ಅರಣ್ಯ ಇಲಾಖೆಯ ಸ್ಥಳ ಪರಿಶೀಲನೆ. ಆನೆ ತುಳಿದ ಬಾಳೆತೋಟಕ್ಕೆ ಈ ಪದ್ಧತಿ ಹೊಂದುತ್ತದೆ. ಬಿದ್ದ ಬಾಳೆ ವಾರವಾದರೂ ಬಿದ್ದೇ ಇರುತ್ತದೆ. ಎಳೆ ಗೋವಿನಜೋಳದ ಕತೆ ಹಾಗಲ್ಲ. ನೆಲದಲ್ಲಿ ಹಸಿ ಇರುವಾಗಲೇ ಹರಗಿ ಮರುಬಿತ್ತನೆ ಮಾಡದಿದ್ದರೆ ಹಂಗಾಮೇ ತಪ್ಪುತ್ತದೆ. ರೈತ ಕಾಯುವುದಿಲ್ಲ, ಕಾಯಬಾರದು ಕೂಡ. ಪರಿಶೀಲನೆಗೆ ಬಂದವರ ಕಣ್ಣಿಗೆ ಹರಗಿದ ಹೊಲ ಬೀಳುತ್ತದೆಯೇ ಹೊರತು ನಷ್ಟವಲ್ಲ. ಎರಡನೇ ಸಲದ ಬೀಜ, ಗೊಬ್ಬರ, ಕೂಲಿ ಯಾವ ಕಡತಕ್ಕೂ ಹತ್ತದೆ ಹೋಗುತ್ತದೆ.

ಆದ್ದರಿಂದ ಎಣಿಸಬೇಕಾದದ್ದು ಹೋದ ಗರಿಯನ್ನಲ್ಲ, ಮೇಯಲು ಬಂದ ಚಿಗರಿಯನ್ನು. ಮುಂಗಾರು ಬಿತ್ತನೆಯ ವಾರಗಳಲ್ಲಿ ಅಭಯಾರಣ್ಯದ ಹೊರಗಿನ ಹೊಲಗಳಲ್ಲೂ ಗಣತಿ ನಡೆದರೆ, ಗ್ರಾಮ ಪಂಚಾಯಿತಿವಾರು ಆ ಸಂಖ್ಯೆ ಗೋಡೆಗೆ ಬಿದ್ದರೆ, ಅದನ್ನೇ ಆಧಾರ ಮಾಡಿ ಹಿಂಡು ಇಳಿದ ಸರ್ವೆ ನಂಬರುಗಳಿಗೆ ಎಕರೆವಾರು ಮೊತ್ತ ಹೋಗಬಹುದು. ಪಾಲು ಕೊಟ್ಟರೆ ಜನ ಪ್ರಾಣಿಯ ಕಾವಲಿಗೆ ನಿಲ್ಲುತ್ತಾರೆಂಬುದಕ್ಕೆ ಪಾಕಿಸ್ತಾನದ ಗಿಲ್ಗಿಟ್-ಬಾಲ್ಟಿಸ್ತಾನ ನಿದರ್ಶನ. ಮಾರ್ಖೋರ್ ಎಂಬ ಕಾಡುಮೇಕೆಯ ಬೇಟೆಗೆ ವಿದೇಶಿಯರು ಕಟ್ಟುವ ಶುಲ್ಕದಲ್ಲಿ ಶೇ 80 ಅಲ್ಲಿನ ಹಳ್ಳಿಗರಿಗೆ ಸಲ್ಲುತ್ತದೆ, ಕದ್ದು ಹೊಡೆಯುವವರನ್ನು ಹಳ್ಳಿಗರೇ ತಡೆಯುತ್ತಾರೆ. ಇಲ್ಲಿ ಬೇಟೆಯ ಹಣವಿಲ್ಲ. ಅಭಯಾರಣ್ಯದ ಪ್ರವೇಶ ಶುಲ್ಕದ ಆದಾಯ ಸಣ್ಣದು, ಅದರ ಮೇಲೆ ಭಾರ ಹಾಕಲಾಗದು. ರಾಜ್ಯದ ಬಜೆಟ್ಟಿನಿಂದಲೇ ಈ ದುಡ್ಡು ಬರಬೇಕು. ಚಿಗರಿಯನ್ನು ಬಸ್ಸಿನ ಮೇಲೆ ಕಂಡು ಸಂತೋಷಪಡುವ ಹುಬ್ಬಳ್ಳಿಯವರೂ ಬೆಂಗಳೂರಿನವರೂ ಕಟ್ಟುವ ತೆರಿಗೆಯಿಂದಲೇ ಅದರ ಮೇವಿನ ಬಾಕಿ ಸವಣೂರಿನ ಹೊಲಕ್ಕೆ ಸಂದಾಯವಾಗಬೇಕು. ಈ ಬೇಡಿಕೆ ಮುಂದಿನ ಮುಂಗಾರಿಗೆ ಮೊದಲೇ ಗ್ರಾಮಸಭೆಗಳ ಠರಾವಾಗಿ ಜಿಲ್ಲಾಡಳಿತದ ಮೇಜಿಗೆ ಹೋಗಬೇಕಿದೆ.