ನೋಡುವುದು, ಆಡುವುದು, ಮಾಡುವುದು

ಹೊಸ ವಸ್ತುವೊಂದು ಊರಿಗೆ ಬಂದಾಗ ಜನರು ಎರಡು ಪಂಗಡವಾಗುವುದು ಲೋಕದ ರೂಢಿ. ಒಂದು ಪಂಗಡ ಅದಕ್ಕೆ ಕೈಮುಗಿಯುತ್ತದೆ; ಇನ್ನೊಂದು ಪಂಗಡ ಬಾಗಿಲು ಮುಚ್ಚುತ್ತದೆ. ಗುಣದೋಷಗಳನ್ನು ತೂಗಿ ನೋಡುವವರು ಮಾತ್ರ ವಿರಳ. ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಇಂದು ನಡೆಯುತ್ತಿರುವ ವಾಗ್ವಾದವೂ ಇದೇ ಬಗೆಯದು. ವಿಡಿಯೋ ಆಟ, ಗಣಕಯಂತ್ರದ ತಂತ್ರಾಂಶ, ವೈಜ್ಞಾನಿಕ ಕಲ್ಪನೆಯ ದೂರದರ್ಶನ ಕಥೆ, ಈ ಮೂರೂ ಮಗನಿಗೆ ಅಮೃತ, ತಂದೆಗೆ ವಿಷ. ಈ ವಾಗ್ವಾದವನ್ನು ಮನೆಯ ಜಗಲಿಗೆ ಬಿಟ್ಟು ಶಾಲೆ ಸುಮ್ಮನಿರುವುದು ಯುಕ್ತವಲ್ಲ.

ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಬೇಕೆಂಬುದು ಶಾಸ್ತ್ರಕಾರರ ಸಂಪ್ರದಾಯ. ಯಂತ್ರವಿದ್ಯೆಯಲ್ಲಿ ಆಸಕ್ತನಾದ ತರುಣನ ಮಾತನ್ನೂ ಹಾಗೆಯೇ ಕೇಳುವುದು ನ್ಯಾಯ. ಆತ ಹೇಳುವುದು ಮೂರು ಮಾತು. ವಿಡಿಯೋ ಆಟ ಬುದ್ಧಿಗೆ ಸಾಣೆ ಹಿಡಿಯುತ್ತದೆ, ಸೋತವನಿಗೆ ಮತ್ತೆ ಎದ್ದು ನಿಲ್ಲುವುದನ್ನು ಕಲಿಸುತ್ತದೆ ಎಂಬುದು ಮೊದಲನೆಯದು. ತಂತ್ರಾಂಶ ಈ ಕಾಲದ ಅನ್ನದ ವಿದ್ಯೆ, ಅದನ್ನರಿಯದವನು ನಾಳೆ ಹೆಬ್ಬೆಟ್ಟಿನವನಿಗೆ ಸಮಾನ ಎಂಬುದು ಎರಡನೆಯದು. ವೈಜ್ಞಾನಿಕ ಕಥೆ ನಾಳಿನ ನಿಜವನ್ನು ಇಂದೇ ತೋರಿಸುತ್ತದೆ ಎಂಬುದು ಮೂರನೆಯದು. ಹಿರಿಯರ ಆಕ್ಷೇಪವೂ ಅಷ್ಟೇ ಸ್ಪಷ್ಟ: ಕಣ್ಣು ಕೆಡುತ್ತದೆ, ಓದು ಕೆಡುತ್ತದೆ, ಹಣ ಹಾಳಾಗುತ್ತದೆ. ಎರಡು ಕಡೆಯಲ್ಲಿಯೂ ಸತ್ಯಾಂಶವಿದೆ. ಎರಡು ಕಡೆಯೂ ಮುಖ್ಯವಾದುದೊಂದನ್ನು ಬಿಟ್ಟಿದೆ.

ಮೂರನೆಯ ಮಾತನ್ನೇ ಮೊದಲು ಪರಿಶೀಲಿಸಬಹುದು. ಏಕೆಂದರೆ ಅದಕ್ಕೆ ಈ ಸೀಮೆಯ ಇತಿಹಾಸವೇ ಸಾಕ್ಷಿಯಾಗಿದೆ. ಆರ್ಥರ್ ಸಿ. ಕ್ಲಾರ್ಕ್ ವೈಜ್ಞಾನಿಕ ಕಥೆಗಳಿಂದ ಜಗತ್ಪ್ರಸಿದ್ಧರಾದ ಆಂಗ್ಲ ಲೇಖಕರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವನ್ನಿಟ್ಟರೆ ಅದು ಭೂಮಿಯೊಡನೆಯೇ ತಿರುಗುತ್ತ ಆಕಾಶದಲ್ಲಿ ನಿಂತಂತೆ ತೋರುವುದು, ಅದರ ಮೂಲಕ ದೂರದೂರದ ದೇಶಗಳಿಗೆ ಧ್ವನಿ-ಚಿತ್ರಗಳನ್ನು ಕಳುಹಬಹುದು ಎಂದು ಅವರು 1945ರಲ್ಲಿ ಬರೆದರು. ಆಗ ಮಾನವನು ಒಂದೇ ಒಂದು ಉಪಗ್ರಹವನ್ನೂ ಹಾರಿಸಿರಲಿಲ್ಲ. ಮೂವತ್ತು ವರ್ಷಗಳು ಕಳೆದ ಮೇಲೆ, 1975ರ ಆಗಸ್ಟ್ 1ರಂದು, ಭಾರತದಲ್ಲಿ ಉಪಗ್ರಹ ಬೋಧಕ ದೂರದರ್ಶನ ಪ್ರಯೋಗ ಆರಂಭವಾಯಿತು. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಾಗಿ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ರಾಯಚೂರು ಮತ್ತು ಗುಲಬರ್ಗಾ ಜಿಲ್ಲೆಗಳು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅಂದು ಗುಲಬರ್ಗಾ ಜಿಲ್ಲೆಗೆ ಸೇರಿದ್ದ ತಾಲ್ಲೂಕುಗಳು.

ತಂತಿಬಲೆಯಿಂದ ಹೆಣೆದ, ಮೂರು ಮೀಟರ್ ಅಗಲದ ಕೊಡೆಯಂಥ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಂತಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಸುಮಾರು ಒಂದೂವರೆ ಗಂಟೆ ಪಾಠ. ಸಂಜೆ ಊರವರಿಗೆ ಸುಮಾರು ಎರಡೂವರೆ ಗಂಟೆ ಕೃಷಿ, ಆರೋಗ್ಯ, ವಿನೋದ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ರಾಜಧಾನಿಯ ಶ್ರೀಮಂತರಿಗೆ ಇಲ್ಲದಿದ್ದುದನ್ನು ಹಿಂದುಳಿದ ಜಿಲ್ಲೆಯ ಒಕ್ಕಲಿಗನೂ ಕೂಲಿಯವನೂ ಆರು ವರ್ಷ ಮೊದಲೇ ಕಂಡರು. ಕಥೆಗಾರನ ಕಲ್ಪನೆ ಜೋಳದ ಹೊಲಗಳ ನಡುವೆ ನಿಜವಾದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಆದ್ದರಿಂದ ವೈಜ್ಞಾನಿಕ ಕಲ್ಪನೆಯನ್ನು ಹುಡುಗಾಟವೆಂದು ತಳ್ಳಿಹಾಕುವ ಅಧಿಕಾರ ಈ ಸೀಮೆಯ ಹಿರಿಯರಿಗೆ ಇಲ್ಲ.

ಆದರೆ ಆ ಕಥೆಗೆ ಉತ್ತರಾರ್ಧವೂ ಉಂಟು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಿನ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರ ತೆರೆದು ಕೊರತೆ ಭಾಗಶಃ ತುಂಬಿತೆಂಬುದು ನಿಜ. ಇತ್ತ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕವೇ ತನ್ನ ಕೆಲಸವನ್ನು ನಡೆಸತೊಡಗಿತು. ಗುಲಬರ್ಗಾದ ಹಳ್ಳಿಗೆ ಬಂದದ್ದೂ ಉಪಗ್ರಹದ ವಿದ್ಯೆ, ಬೆಂಗಳೂರಿಗೆ ಬಂದದ್ದೂ ಉಪಗ್ರಹದ ವಿದ್ಯೆ. ಇಲ್ಲಿ ಜನ ಅದನ್ನು ನೋಡಿದರು. ಅಲ್ಲಿ ಅದರಿಂದ ಕೆಲಸ ಮಾಡಿದರು. ಮೊದಲು ಕಂಡವರು ಹಿಂದೆ ಉಳಿದರು, ತರುವಾಯ ಮಾಡಿದವರು ಮುಂದೆ ಹೋದರು. ಇದಕ್ಕೆ ರಸ್ತೆ, ಕಾಲೇಜು, ಬಂಡವಾಳ ಮುಂತಾದ ಕಾರಣಗಳು ಹಲವಿರಬಹುದು. ಆದರೂ ನೋಡುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಮರೆತರೆ ಈ ಇತಿಹಾಸದಿಂದ ಏನನ್ನೂ ಕಲಿತಂತಾಗಲಿಲ್ಲ. ಇಂದು ಬೆಂಗಳೂರಿನಲ್ಲಿ ಮುಗಿಲೆತ್ತರದ ಕಟ್ಟಡಗಳಿಗೆ ಕಲ್ಲು-ಗಾರೆ ಹೊರಲು ಈ ಜಿಲ್ಲೆಯ ಕುಟುಂಬಗಳು ಗುಳೆ ಹೋಗುತ್ತಿವೆ. ಆ ಕಟ್ಟಡಗಳ ಒಳಗೆ ಕುಳಿತು ತಂತ್ರಾಂಶ ಬರೆಯುವವರಲ್ಲಿ ಅವರ ಮಕ್ಕಳು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಶಾಲೆಯೂ ಕೇಳಿಕೊಳ್ಳತಕ್ಕದ್ದು.

ಕಲ್ಪನೆಯ ಕ್ಷೇತ್ರದಲ್ಲಿಯೂ ಇದೇ ಕೊರತೆ ಕಾಣುತ್ತದೆ. 1980ರ ದಶಕದಲ್ಲಿ ದೂರದರ್ಶನವು ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ತೋರಿಸಿತು. 1989ರ ಸುಮಾರಿಗೆ ಹಿಂದಿಯಲ್ಲಿ 'ಇಂದ್ರಧನುಷ್', 'ಸ್ಪೇಸ್ ಸಿಟಿ ಸಿಗ್ಮಾ' ಎಂಬ ಧಾರಾವಾಹಿಗಳು ಬಂದವು. ಕನ್ನಡದ ಬಾಲಕ ಅವನ್ನು ನೋಡಿ ಹಿಗ್ಗಿದ. ಆದರೆ ಆಕಾಶನೌಕೆಯ ನಾಯಕ ಕನ್ನಡದಲ್ಲಿ ಆಜ್ಞೆ ಕೊಡುವುದನ್ನು ಆತ ಕಿರುತೆರೆಯ ಮೇಲೆ ಕೇಳಿದ್ದು ಅಪೂರ್ವ. ಕನ್ನಡಕ್ಕೆ ಶಕ್ತಿಯಿಲ್ಲದೆ ಹೀಗಾಯಿತೆಂದು ಹೇಳುವಂತಿಲ್ಲ. ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ-ಕಾದಂಬರಿಗಳನ್ನು ಕನ್ನಡದಲ್ಲಿಯೇ ಬರೆದು ತೋರಿಸಿದ್ದಾರೆ. ಕಲ್ಪನೆಯನ್ನು ಯಾವಾಗಲೂ ಪರಭಾಷೆಯಿಂದಲೇ ಎರವು ತರುವ ಮಗು, ನಾಳೆ ಎಂಬುದು ಪರರ ಊರಿನಲ್ಲಿ ಮಾತ್ರ ನಡೆಯತಕ್ಕದ್ದೆಂದು ಭಾವಿಸಿದರೆ ತಪ್ಪು ಮಗುವಿನದಲ್ಲ.

ಇನ್ನು ಆಟದ ವಿಷಯ. ಆಟವೇ ಕೆಟ್ಟದ್ದೆಂದು ಹೇಳುವವರು ತಮ್ಮ ಮನೆಯ ಅಜ್ಜಿ ಆಡುತ್ತಿದ್ದ ಚೌಕಾಬಾರವನ್ನು ನೆನೆಯಬೇಕು. ನಾಲ್ಕು ಕವಡೆಗಳನ್ನು ಎಸೆದಾಗ ಪ್ರತಿಯೊಂದೂ ಅಂಗಾತವಾಗಿಯೋ ಬೋರಲಾಗಿಯೋ ಬೀಳುತ್ತದೆ. ಹೀಗೆ ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಎಲ್ಲವೂ ಬೋರಲಾಗುವುದು ಒಂದು ಬಗೆ. ಒಂದು ಅಂಗಾತವಾಗುವುದು 4 ಬಗೆ, ಎರಡು 6 ಬಗೆ, ಮೂರು 4 ಬಗೆ, ನಾಲ್ಕೂ ಒಂದು ಬಗೆ. ಆದ್ದರಿಂದಲೇ ಎರಡು ಪದೇ ಪದೇ ಬೀಳುತ್ತದೆ. ನಾಲ್ಕೂ ಎಂಟೂ ಅಪರೂಪಕ್ಕೆ ಬೀಳುತ್ತವೆ, ಬಿದ್ದವರಿಗೆ ಮತ್ತೊಂದು ಸಲ ಎಸೆಯುವ ಹಕ್ಕು ದೊರೆಯುತ್ತದೆ. ಛಂದಸ್ಸನ್ನು ಓದಿದವರಿಗೆ ಈ ಲೆಕ್ಕ ಹೊಸದಲ್ಲ. ನಾಲ್ಕು ಅಕ್ಷರಗಳ ಪಾದದಲ್ಲಿ ಗುರು-ಲಘುಗಳನ್ನು ಪ್ರಸ್ತಾರ ಹಾಕಿದರೂ ದೊರೆಯುವುದು 16 ರೂಪಗಳೇ. ಮೂರು ಅಕ್ಷರಗಳಿಗೆ 8, ಅವೇ ಮ-ನ-ಭ-ಯ-ಜ-ರ-ಸ-ತ ಗಣಗಳು. ಗಣಕಯಂತ್ರದ ಹೊಟ್ಟೆಯೊಳಗೆ ಇರುವುದೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಪ್ರಸ್ತಾರ. ಇದರಿಂದ ಪೂರ್ವಿಕರಿಗೆ ಗಣಕಯಂತ್ರ ತಿಳಿದಿತ್ತೆಂದು ಬೀಗುವುದು ಅವಿವೇಕ. ಆದರೆ ಅದರ ತತ್ತ್ವವನ್ನು ಕನ್ನಡದ ಬಾಲಕನಿಗೆ ಕವಡೆ ಮತ್ತು ಗಣಗಳಿಂದಲೇ ಸುಲಭವಾಗಿ ಕಲಿಸಬಹುದೆಂಬುದು ವಿವೇಕ.

ಒಳ್ಳೆಯ ವಿಡಿಯೋ ಆಟಗಳೂ ಇಂಥ ನಿಯಮಸೌಂದರ್ಯದಿಂದಲೇ ಒಳ್ಳೆಯವಾಗಿವೆ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ರಚಿಸಿದ 'ಟೆಟ್ರಿಸ್' ಆಟದಲ್ಲಿ ರಕ್ತಪಾತವಿಲ್ಲ, ಪಣವಿಲ್ಲ. ಮೇಲಿನಿಂದ ಇಳಿಯುವ ಏಳು ಬಗೆಯ ತುಂಡುಗಳನ್ನು ಸಂದಿಲ್ಲದಂತೆ ಹೊಂದಿಸುವುದಷ್ಟೇ. ಅದು ಜಗತ್ತನ್ನೇ ಗೆದ್ದಿತು. ಇದಕ್ಕೆ ವಿರುದ್ಧವಾದದ್ದು ಹಣವೊಡ್ಡಿ ಆಡಿಸುವ ಆಟ. ಅದು ಆಟದ ವೇಷ ತೊಟ್ಟ ಜೂಜು. ಸಭಾಪರ್ವವನ್ನು ಕೇಳಿ ಬೆಳೆದ ಜನಕ್ಕೆ ದ್ಯೂತದ ಫಲವನ್ನು ವಿವರಿಸಬೇಕಾಗಿಲ್ಲ. ಧರ್ಮರಾಯನು ಬಲ್ಲವನಾಗಿಯೂ ಸೋತ. ಕರ್ನಾಟಕವು 2021ರಲ್ಲಿ ಇಂಥ ಆಟಗಳನ್ನು ನಿಷೇಧಿಸಲು ಕಾನೂನು ತಿದ್ದಿತು. ಮುಖ್ಯವಾದ ಕಲಮುಗಳನ್ನು ಉಚ್ಚ ನ್ಯಾಯಾಲಯ 2022ರಲ್ಲಿ ರದ್ದುಮಾಡಿತು. ಅನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಪಣವಿಲ್ಲದ ಆಟಗಳನ್ನು ಅದು ಬೇರೆಯಾಗಿಯೇ ಎಣಿಸಿದೆ. ಕಾನೂನು ಕಂಡ ಈ ಭೇದವನ್ನು ತಂದೆತಾಯಿಗಳೂ ಕಾಣಬೇಕು. ಮಗನ ಕೈಯಿಂದ ಫೋನನ್ನು ಕಿತ್ತುಕೊಳ್ಳುವ ಮೊದಲು ಆತ ಏನನ್ನು ಆಡುತ್ತಿದ್ದಾನೆ, ಎಷ್ಟು ಹೊತ್ತು ಆಡುತ್ತಿದ್ದಾನೆ ಎಂದು ಪಕ್ಕದಲ್ಲಿ ಕುಳಿತು ನೋಡುವುದು ಲೇಸು.

ತಂತ್ರಾಂಶದ ವಿಷಯದಲ್ಲಿ ಯಂತ್ರಪ್ರಿಯನ ಮಾತು ಸತ್ಯವಾದರೂ ಅಪೂರ್ಣ. ಅದು ಅನ್ನದ ವಿದ್ಯೆ ಹೌದು. ನುಡಿಯ ವಿದ್ಯೆಯೂ ಹೌದು. ಕನ್ನಡವನ್ನು ಗಣಕಯಂತ್ರದಲ್ಲಿ ಬರೆಯುವುದು ಒಂದು ಕಾಲಕ್ಕೆ ಪ್ರಯಾಸದ ಕೆಲಸವಾಗಿತ್ತು. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಬೇರೆ ಬೇರೆ ಆಕಾರಗಳೆಂದು ಎಣಿಸಿದರೆ ಕೀಲಿಮಣೆ ಸಾಲದು. ಕರಾವಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ಸ್ವರ, ವ್ಯಂಜನ, ವ್ಯಂಜನಗಳನ್ನು ಕೂಡಿಸುವ ಒಂದು ಕೀಲಿ, ಇಷ್ಟಿದ್ದರೆ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಸಮಸ್ತ ಅಕ್ಷರಗಳೂ ಮೂಡುತ್ತವೆ ಎಂದು ತೋರಿಸಿದರು. ಕೇಶಿರಾಜನ 'ಶಬ್ದಮಣಿದರ್ಪಣ'ದ ಅಕ್ಷರ ವಿಚಾರವನ್ನು ಓದಿದವರಿಗೆ ಇದರ ಸೊಗಸು ಕೂಡಲೇ ತಿಳಿಯುತ್ತದೆ. ವ್ಯಾಕರಣವೇ ಇಲ್ಲಿ ಯಂತ್ರಕ್ಕೆ ದಾರಿ ತೋರಿಸಿದೆ. ತಮ್ಮ ತಂತ್ರಾಂಶಕ್ಕೆ ಅವರು ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟದ್ದು ಪಂಡಿತಪರಂಪರೆಗೆ ಸಲ್ಲಿಸಿದ ಗೌರವ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ', ತರುವಾಯ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯದ ತೊಡಕು ಬಹುಕಾಲ ಕಾಡಿ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯುನಿಕೋಡ್ ಬಳಕೆಗೆ ಬಂದ ಮೇಲೆ ನೀಗಿತು. ಇಂದು ಸುರಪುರದ ಬಾಲಕಿ ಫೋನಿನಲ್ಲಿ ಬರೆದ ಕನ್ನಡವನ್ನು ಕಾಸರಗೋಡಿನಲ್ಲಿ ಇದ್ದವನೂ ಅಮೆರಿಕದಲ್ಲಿ ಇದ್ದವನೂ ಅಕ್ಷರ ಕೆಡದಂತೆ ಓದಬಹುದು. ಇದು ಆಕಾಶದಿಂದ ಇಳಿದದ್ದಲ್ಲ. ನುಡಿಯನ್ನು ಬಲ್ಲವರು ಯಂತ್ರವನ್ನೂ ಕಲಿತು ಮಾಡಿದ್ದು.

ಗಣಕಯಂತ್ರದ ವಂಶವೃಕ್ಷದಲ್ಲಿ ನೇಕಾರನ ಮಗ್ಗವಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು. 1804ರ ಸುಮಾರಿಗೆ ಫ್ರಾನ್ಸಿನ ಜಾಕಾರ್ಡ್ ಎಂಬಾತ ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ಚಿತ್ತಾರವನ್ನು ಕಲಿಸಿದ. ಆ ರಟ್ಟುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ತೆಗೆದುಕೊಂಡ. 1843ರಲ್ಲಿ ಏಡಾ ಲವ್‌ಲೇಸ್ ಅದಕ್ಕೆ ಲೆಕ್ಕದ ಕ್ರಮವನ್ನು ಬರೆದು ಪ್ರಕಟಿಸಿದಳು. ಸುರಪುರ ಸೀಮೆಯ ಮುದನೂರಿನಲ್ಲಿ ನೇಯ್ಗೆಯನ್ನೇ ಕಾಯಕವಾಗಿ ನಡೆಸಿ ವಚನಗಳನ್ನು ರಚಿಸಿದ ದೇವರ ದಾಸಿಮಯ್ಯನ ನಾಡಿನ ಮಕ್ಕಳಿಗೆ, ಎಳೆಯೆಳೆಯಾಗಿ ಕ್ರಮವನ್ನು ಹೂಡುವ ಈ ವಿದ್ಯೆ ಪರಕೀಯವೆಂದು ಹೇಳುವುದು ಸಾಧ್ಯವಿಲ್ಲ.

ಇವೆಲ್ಲವನ್ನು ಕೂಡಿಸಿದಾಗ ಸಿದ್ಧಾಂತ ತಾನಾಗಿ ಹೊರಡುತ್ತದೆ. ಯಂತ್ರದೊಡನೆ ಮಾನವನ ಸಂಬಂಧಕ್ಕೆ ಮೂರು ಮೆಟ್ಟಿಲುಗಳು: ನೋಡುವುದು, ಆಡುವುದು, ಮಾಡುವುದು. ಮೊದಲೆರಡು ಮೆಟ್ಟಿಲುಗಳನ್ನು ಹತ್ತಲು ಮಕ್ಕಳಿಗೆ ಯಾರ ಸಹಾಯವೂ ಬೇಕಿಲ್ಲ. ವ್ಯಾಪಾರಿಯೇ ಕೈಹಿಡಿದು ಹತ್ತಿಸುತ್ತಾನೆ. ಮೂರನೆಯದನ್ನು ಹತ್ತಿಸುವವನು ಗುರು. ಯಂತ್ರಪ್ರಿಯನಾದ ತರುಣನು ಎರಡನೆಯ ಮೆಟ್ಟಿಲನ್ನೇ ಶಿಖರವೆಂದು ಭ್ರಮಿಸುತ್ತಾನೆ. ಹಿರಿಯರು ಏಣಿಯನ್ನೇ ತೆಗೆದಿಡಲು ಹೊರಡುತ್ತಾರೆ.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದ ಜಿಲ್ಲೆಗಳಲ್ಲೆಲ್ಲ ಕಡಿಮೆ. ಅಕ್ಷರವೇ ಅರ್ಧ ಜನಕ್ಕೆ ಮುಟ್ಟದಿರುವಾಗ ಗಣಕಯಂತ್ರವೇಕೆ ಎಂಬ ಪ್ರಶ್ನೆ ಸಹಜ. ಆದರೆ ಅಕ್ಷರ ಮುಟ್ಟದ ಮನೆಗೂ ಫೋನು ಮುಟ್ಟಿದೆ. ಕೈಗೆ ಬಂದ ವಸ್ತುವನ್ನು ಅಕ್ಷರಕ್ಕೆ ಸಾಧನವಾಗಿಸದಿದ್ದರೆ ಅದು ಅಕ್ಷರಕ್ಕೆ ಶತ್ರುವಾಗುವುದು ನಿಶ್ಚಯ. ಅಧ್ಯಾಪಕರು ವಾರಕ್ಕೊಂದು ಅವಧಿಯಲ್ಲಿ ಮಕ್ಕಳಿಂದ ಚೌಕಾಬಾರವನ್ನೋ ಹುಲಿ-ಕುರಿಯ ಆಟವನ್ನೋ ಗಣಕದಲ್ಲಿ ಕಟ್ಟಿಸಬಹುದು. ಅದರ ನಿಯಮಗಳನ್ನು ಕನ್ನಡದಲ್ಲಿ ಬರೆಯಿಸಬಹುದು. ಕೃಷ್ಣಾ ತೀರದ ನಾಳಿನ ಊರನ್ನು ಕಲ್ಪಿಸಿ ಕಥೆ ಬರೆಯಿರೆಂದು ಹೇಳಬಹುದು. ನಿಯಮವನ್ನು ರಚಿಸಿದ ಹುಡುಗ ನಿಯಮಕ್ಕೆ ದಾಸನಾಗುವುದು ಕಡಿಮೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇದೇ ವಿದ್ಯೆಯಿಂದ ಜೀವಿಸುತ್ತಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಗೆ ಬಂದಾಗ ಒಂದು ದಿನವನ್ನು ಶಾಲೆಗೆ ಕೊಡಬಹುದು. ದಾನಿಗಳು ಯಂತ್ರವನ್ನು ಕೊಟ್ಟು ಫಲಕದಲ್ಲಿ ಹೆಸರನ್ನು ಕಂಡು ತೃಪ್ತರಾಗದೆ, ಅದನ್ನು ದುರಸ್ತಿಯಲ್ಲಿಡುವ ವರ್ಷದ ವೆಚ್ಚವನ್ನೂ ಕಲಿಸುವವನ ತರಬೇತಿಯನ್ನೂ ಕೂಡಿಯೇ ಕೊಡುವುದು ಉಚಿತ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಗಣಕ ಯಾರಿಗೂ ಪುಣ್ಯ ತರುವುದಿಲ್ಲ.

ಸುರಪುರ ಸೀಮೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಕಲ್ಲನ್ನು ಒಡೆದು ಉಪಕರಣಗಳನ್ನು ತಯಾರಿಸುತ್ತಿದ್ದ ನೆಲೆಯೊಂದನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ಮಾಡಿ ಬೆಳಕಿಗೆ ತಂದಿದ್ದಾರೆ. ಅದರ ಪ್ರಾಯ ಸುಮಾರು 12 ಲಕ್ಷ ವರ್ಷಗಳೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಕೈಗೆ ಬೇಕಾದ ಸಾಧನವನ್ನು ತಾನೇ ಮಾಡಿಕೊಳ್ಳುವ ಕೆಲಸ ಈ ನೆಲದಲ್ಲಿ ಅಷ್ಟು ಹಳೆಯದು. ಇಲ್ಲಿಯ ಮಕ್ಕಳು ಪರರು ಮಾಡಿದ್ದನ್ನು ನೋಡುವುದಕ್ಕೂ ಆಡುವುದಕ್ಕೂ ಮಾತ್ರ ಹುಟ್ಟಿದವರಲ್ಲ. ಮಾಡುವುದನ್ನು ಅವರಿಗೆ ಕಲಿಸುವ ಹೊಣೆ ಶಾಲೆಯದು. ಶಾಲೆಗೆ ಆಸರೆಯಾಗುವ ಹೊಣೆ ಅದರಿಂದ ಬೆಳೆದವರದು.