ಘಟ್ಟ ಇಳಿದು ಉಡುಪಿಗೆ
ಶಿವಮೊಗ್ಗ, ಭದ್ರಾವತಿಯಿಂದ ಉಡುಪಿಗೆ ವರ್ಗವಾಗಿ ಹೋಗುವವರಿಗೆ ಮೊದಲ ಪರಿಚಯ ಬಸ್ಸಿನಲ್ಲೇ ಆಗುತ್ತದೆ. ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವು ಇಳಿದು, ಹೆಬ್ರಿ ಕಳೆಯುವಷ್ಟರಲ್ಲಿ ಸುತ್ತಲಿನ ಮಾತು ತುಳುವಿಗೆ ಹೊರಳಿರುತ್ತದೆ. ಅಂಗಡಿ ಬೋರ್ಡುಗಳೆಲ್ಲ ಕನ್ನಡದವೇ. ಹಿಂದಿನ ಸೀಟಿನವರ ಹತ್ತಿರ ತುಳುವಿನಲ್ಲಿ ಚಿಲ್ಲರೆ ಕೇಳಿದ ಕಂಡಕ್ಟರ್, ಹೊಸಬರ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬರುತ್ತಾರೆ. ತಮ್ಮೆದುರು ತುಳು ಮಾತಾಡಿದರೆ ಹೊರಗಿಟ್ಟರೆಂದು ಬೇಸರಪಡುವವರಿದ್ದಾರೆ. ಅದು ಸರಿಯಲ್ಲ, ಅಲ್ಲಿ ಮನೆಮಾತು ಅದೇ. ಶಾಲೆ, ಕಚೇರಿ, ಪತ್ರಿಕೆಗೆ ಕನ್ನಡ. ಗದ್ದೆಗೆ, ಭೂತಕೋಲದ ಪಾಡ್ದನಕ್ಕೆ ತುಳು. ಯಕ್ಷಗಾನ ಎರಡರಲ್ಲೂ ಉಂಟು. 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಈ ಕರಾವಳಿ ಎರಡು ಭಾಷೆಗಳನ್ನೂ ಉಳಿಸಿಕೊಂಡು ಬಂದಿದೆ. ಅದೇ ಶಿವಮೊಗ್ಗದಿಂದ ಹೊಸನಗರದ ಮೇಲೆ ಹುಲಿಕಲ್ ಘಾಟಿ ಇಳಿದರೆ ಸಿಗುವುದು ಕುಂದಾಪುರ: ಜಿಲ್ಲೆ ಒಂದೇ ಆದರೂ ಅಲ್ಲಿ ಮಾತು ಕುಂದಗನ್ನಡ. ಜೂನ್‌ನಲ್ಲಿ ಹೋಗಿಳಿದವರು ಇನ್ನೊಂದನ್ನೂ ತಿಳಿದಿರಬೇಕು. ಆ ತಿಂಗಳ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ, ತಾಜಾ ಬಂಗುಡೆ ದುಬಾರಿಯಾಗುತ್ತದೆ, ಕುಚ್ಚಲಕ್ಕಿ ಗಂಜಿಯ ಪಕ್ಕ ಒಣಮೀನಿನ ಚಟ್ನಿ ಬರುತ್ತದೆ.